ಬ್ಯಾಟರಿ ಉಂಡ ಮೇಲೆ ನಮ್ಮ ಊಟ

ನಮ್ಮ ಮನೆಗೆ ಇದ್ದದ್ದು ಎರಡೇ ಕೋಣೆ. ಅದರಲ್ಲಿ ಒಳ್ಳೆಯದು ನಮಗೆ ಸಿಗಲಿಲ್ಲ. ಮೂಡಣಕ್ಕೆ ಕಿಟಕಿ ಇದ್ದ, ಗಾಳಿ ಆಡುವ, ಎಂಥ ಮಳೆ ಬಂದರೂ ಮಾಳಿಗೆ ಸೋರದ ಕೋಣೆಯನ್ನು ಅಪ್ಪ ಬ್ಯಾಟರಿಗಳಿಗೆ ಬಿಟ್ಟುಕೊಟ್ಟಿದ್ದ. ಉಳಿದ ಕತ್ತಲ ಕೋಣೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ಆಯಿ, ನಾನು, ಜೊತೆಗೆ ಎರಡು ಆಡು ಮತ್ತು ಅವುಗಳ ಮರಿಗಳು ಮಲಗುತ್ತಿದ್ದೆವು. ಅಡುಗೆ ಅಂಗಳದಲ್ಲಿ, ತಟ್ಟಿಯ ಮರೆಯಲ್ಲಿ. ಚಾರ್ಜಿಗೆ ಕೂತ ಬ್ಯಾಟರಿಯಿಂದ ಕಣ್ಣಿಗೆ ಕಾಣದ ಒಂದು ಗಾಳಿ ಏಳುತ್ತದೆ, ಅದಕ್ಕೆ ಕಿಡಿ ತಾಗಿದರೆ ಮನೆಯ ಮಾಳಿಗೆಯೇ ಹಾರಿಹೋಗುತ್ತದೆ ಎಂದು ಅಪ್ಪ ಹೇಳಿದ್ದ. ಹಾಗಾಗಿ ಒಲೆ ಹೊರಗೆ, ಬ್ಯಾಟರಿ ಒಳಗೆ. ಬೇರೆಯವರ ಮನೆಗೆ ಹೋದರೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ನಮ್ಮಲ್ಲಿಗೆ ಬಂದವರು ಬೀಡಿ ಬಿಟ್ಟು ಬರಬೇಕಿತ್ತು. ಸೋದರಮಾವ ಒಮ್ಮೆ ಮರೆತು ಬೀಡಿ ಕಚ್ಚಿಕೊಂಡೇ ಹೊಸಿಲು ದಾಟಿದಾಗ ಅವ್ವ ತನ್ನ ಸ್ವಂತ ಅಣ್ಣನ ಮುಖಕ್ಕೆ ಒಂದು ತಂಬಿಗೆ ನೀರು ಎರಚಿದ್ದಳು. ಆತ ಆಮೇಲೆ ಬಹಳ ದಿನ ನಮ್ಮ ಮನೆಗೆ ಬರಲಿಲ್ಲ, ಅವ್ವ ಕರೆಯಲೂ ಇಲ್ಲ. ಆಯಿಗೆ ಈ ಕರೀ ಡಬ್ಬಿಗಳನ್ನು ಕಂಡರೆ ಮೈಯೆಲ್ಲ ಉರಿ. ಬಂದವರೆದುರು ಹೊಸಿಲ ಮೇಲೆ ಕೂತು ಹೇಳುತ್ತಿದ್ದಳು:

"ಮಗಾ ದಂಡಿನ್ಯಾಗಿಂದ ಬರ್ತಾನ, ಬಂಗಾರ ತರ್ತಾನ ಅಂತ ದಾರಿ ಕಾಯ್ಕೋತ ಕುಂತಿದ್ನೆವ್ವ. ಇವನೌನ, ಕರೀ ಡಬ್ಬಿ ತಂದು ಛಲೋ ಖೋಲ್ಯಾಗ ಕುಂದ್ರಿಸ್ಯಾನ. ನನ್ನ ಸೊಸಿಗಿ ಸವತ್ಯಾರನ್ನ ತಂದಾನ!"

ಬೈಯುತ್ತಿದ್ದಳು, ನಿಜ. ಆದರೆ ಮನೆಯ ಕಟ್ಟಳೆಯನ್ನು ಮುರಿದವಳಲ್ಲ. ಕಟ್ಟಳೆ ಒಂದೇ ಇತ್ತು: ಹಸಿದು ಬಂದ ಬ್ಯಾಟರಿಯನ್ನು ಹಸಿದಂತೆ ಮಲಗಿಸಬಾರದು. ಖಾಲಿಯಾದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಒಳಗಿನ ಸೀಸದ ತಗಡುಗಳ ಮೇಲೆ ಬಿಳಿ ಹರಳು ಕಟ್ಟುತ್ತದೆ. ಆ ಹರಳು ಗಟ್ಟಿಯಾಯಿತೆಂದರೆ ಮುಂದೆ ಎಷ್ಟು ಕರೆಂಟು ಕೊಟ್ಟರೂ ಅದು ಉಣ್ಣುವುದಿಲ್ಲ. ಇದನ್ನು ಅಪ್ಪ ಹೈದರಾಬಾದಿನ ಕಡೆಯ ಮಿಲಿಟರಿ ವರ್ಕ್‌ಶಾಪಿನಲ್ಲಿ ಕಲಿತು ಬಂದಿದ್ದ. ಅವ್ವ ಅದನ್ನು ವ್ರತ ಮಾಡಿಕೊಂಡಳು. ತಾಟಿಗೆ ರೊಟ್ಟಿ ಬಿದ್ದಿರಲಿ, ಪುಂಡಿಪಲ್ಯದ ವಾಸನೆಗೆ ಬಾಯಲ್ಲಿ ನೀರೂರುತ್ತಿರಲಿ, ಬಾಗಿಲಿಗೆ ಖಾಲಿ ಬ್ಯಾಟರಿ ಬಂತೆಂದರೆ ಎಲ್ಲರೂ ಎದ್ದೇಳಬೇಕು. ಅಪ್ಪ ಇಂಜಿನ್ ಹಚ್ಚಬೇಕು, ತಂತಿ ಸೇರಿಸಬೇಕು, ಟುಕುಟುಕು ಸದ್ದು ಹದಕ್ಕೆ ಬರಬೇಕು. ಆಮೇಲೆ ನಾವು ಉಣ್ಣಬೇಕು. ನಾನು ಮುಂದೆ ನರ್ಸ್ ಆಗಿ ಸುರಪುರ, ಯಾದಗಿರಿ ಅಂತ ಇಡೀ ಜನ್ಮ ದುಡಿದೆ. ವಾರ್ಡಿನಲ್ಲಿ ಒಬ್ಬ ರೋಗಿ ಉಪವಾಸವಿದ್ದರೂ ನನ್ನ ಡಬ್ಬಿ ಬಿಚ್ಚುತ್ತಿರಲಿಲ್ಲ. ಜೊತೆಯವರು ಇವಳೇನು ದೊಡ್ಡ ಸಂತಳೇ ಎಂದು ನಗುತ್ತಿದ್ದರು. ಸಂತತನವೂ ಇಲ್ಲ, ಮಣ್ಣೂ ಇಲ್ಲ. ನಮ್ಮ ಮನೆಯಲ್ಲಿ ಬೆಳೆದವರಿಗೆ ತುತ್ತು ಗಂಟಲಲ್ಲಿ ಇಳಿಯುವ ಕ್ರಮವೇ ಅದು.

ನಮ್ಮೂರು ಸಗರದಿಂದ ಶಹಾಪುರಕ್ಕೆ ಹೋಗುವ ದಾರಿಯ ಆಚೀಚೆ ಎಲ್ಲೋ ಇದೆ ಎಂದಷ್ಟೇ ಹೇಳುತ್ತೇನೆ, ಹೆಸರು ಬರೆಯುವುದಿಲ್ಲ. ಅಲ್ಲಿನ ಗೌಡರ ಮೊಮ್ಮಕ್ಕಳು ಈಗ ನನ್ನ ಮೊಮ್ಮಕ್ಕಳ ಗೆಳೆಯರು, ಬಂದಾಗ ನನ್ನ ಕಾಲಿಗೆ ಬೀಳುತ್ತವೆ, ಒಳ್ಳೆಯ ಹುಡುಗರು. ಆಗ ನಮ್ಮದು ಊರ ಹೊರಗಿನ ಕೇರಿ, ಊರವರು ಮುಟ್ಟಿಸಿಕೊಳ್ಳದ ಕೇರಿ. ನಿಜಾಮನ ರಾಜ್ಯ ಹೋಗಿ ದೇಶದೊಳಗೆ ಸೇರಿಕೊಂಡಿದ್ದೆವು, ಇನ್ನು ಕನ್ನಡದವರೆಲ್ಲ ಒಂದು ರಾಜ್ಯವಾಗುತ್ತೇವೆ ಎಂಬ ಮಾತು ನಡೆದಿತ್ತು. ರಾಜ್ಯ ಬದಲಾದರೂ ಬಾವಿ ಬದಲಾಗಿರಲಿಲ್ಲ. ಅಪ್ಪ ಮರೆಪ್ಪ ಮಿಲಿಟರಿ ಹರಾಜಿನಲ್ಲಿ ಹಿಡಿದ ಒಂದು ಸಣ್ಣ ಇಂಜಿನ್ನು, ಅದರ ಬೆನ್ನಿಗೇ ಇದ್ದ ಡೈನಮೋ ಎರಡನ್ನೂ ರೈಲಿನಲ್ಲಿ ಯಾದಗಿರಿಗೆ ತಂದು, ಅಲ್ಲಿಂದ ಚಕ್ಕಡಿಯಲ್ಲಿ ಹೇರಿಕೊಂಡು ಬಂದಿದ್ದ. ಚಿಮಣಿ ಎಣ್ಣೆ ಕುಡಿದು ಓಡುವ ಇಂಜಿನ್ನು. ನಮ್ಮ ಸೀಮೆಯಲ್ಲಿ ಆಗ ಕರೆಂಟಿನ ಕಂಬ ಎಲ್ಲಿಂದ ಬರಬೇಕು? ನಾಟಕದವರ ಮೈಕಿಗೆ, ಮದುವೆಯ ಲೌಡ್‌ಸ್ಪೀಕರಿಗೆ, ಉಳ್ಳವರ ವಾಡೆಯ ರೇಡಿಯೋಗೆ ಎಲ್ಲಕ್ಕೂ ಬ್ಯಾಟರಿಯೇ ಗತಿ. ಲಾರಿಯ ಬ್ಯಾಟರಿ ಬೇರೆ, ಈ ಬ್ಯಾಟರಿ ಬೇರೆ ಎಂದು ಅಪ್ಪ ಬಂದವರಿಗೆಲ್ಲ ಪಾಠ ಹೇಳುತ್ತಿದ್ದ.

"ಲಾರಿದು ಕುಸ್ತಿ ಪೈಲ್ವಾನ ಇದ್ದಂಗ್ರಿ. ಒಂದ ಪಟ್ಟ ಹಾಕ್ತದ, ಖಲಾಸ್, ಕುಂತು ಬಿಡ್ತದ. ಇದು ನೇಗಿಲ ಎತ್ತು. ದಿನಾ ಮೆಲ್ಲಕ ಎಳೀತದ, ತಳಾ ಮುಟ್ಟೋತನಕ ಎಳೀತದ. ಎಳಕೊಂಡವ್ರು ಮೇವ ನೀರ ಬರೋಬ್ಬರಿ ಕೊಡಬೇಕು. ಅವಸರ ಮಾಡಿ ಭಾಳ ಕರೆಂಟ ತುರಕಿದ್ರಿ ಅಂದ್ರ ಅಜೀರ್ಣ ಆಗಿ ಸಾಯ್ತದ."

ಮಿಲಿಟರಿಯಲ್ಲಿದ್ದಾಗ ಲಾರಿ ಚಾಲೂ ಮಾಡುವ ಹ್ಯಾಂಡಲು ಒಮ್ಮೆ ತಿರುಗಿ ಹೊಡೆದು ಅಪ್ಪನ ಬಲ ಮಣಿಕಟ್ಟು ಮುರಿದಿತ್ತು. ಕೂಡಿಕೊಂಡರೂ ಕೈ ಸದಾ ಸಣ್ಣಗೆ ನಡುಗುತ್ತಿತ್ತು. ಸ್ಪ್ಯಾನರ್ ಹಿಡಿಯಲು ಅಡ್ಡಿಯಿರಲಿಲ್ಲ, ಆದರೆ ಬ್ಯಾಟರಿಯ ಸಣ್ಣ ಬಾಯಿಗೆ ಹನಿ ಚೆಲ್ಲದಂತೆ ನೀರು ಬಿಡಲು ಆ ಕೈಗೆ ಆಗುತ್ತಿರಲಿಲ್ಲ. ಹಾಗಾಗಿ ಆ ಕೆಲಸ ಮೊದಲ ದಿನದಿಂದಲೂ ಅವ್ವನದು. ಅವ್ವ ಸಾಬಮ್ಮ ಗಿಡ್ಡ ಹೆಂಗಸು, ಬಾಯಿ ಉದ್ದ, ಕೈ ಮಾತ್ರ ಬಂಡೆಯ ಹಾಗೆ ಸ್ಥಿರ. ಬ್ಯಾಟರಿಯ ತಲೆಯ ಮೇಲೆ ಮೂರು ಬಿರಡೆ. ಅವನ್ನು ತಿರುಗಿಸಿ ತೆಗೆದು, ಗಾಜಿನ ಪಿಚಕಾರಿಯಿಂದ ಒಳಗಿನ ರಸ ಎಳೆದು ಬೆಳಕಿಗೆ ಹಿಡಿಯುವಳು. ಪಿಚಕಾರಿಯೊಳಗೆ ಒಂದು ಸಣ್ಣ ಬುರುಡೆ ತೇಲುತ್ತದೆ. ಮೇಲೆ ತೇಲಿದರೆ ಹೊಟ್ಟೆ ತುಂಬಿದೆ, ಮುಳುಗಿದರೆ ಹಸಿದಿದೆ. ಚಾರ್ಜು ಮುಗಿಯುತ್ತ ಬಂದಾಗ ಒಳಗಿಂದ ಸುಂಯ್ ಎಂದು ಒಂದು ಸದ್ದು ಏಳುತ್ತದಲ್ಲ, ರೊಟ್ಟಿಗೆ ಎಸರಿಟ್ಟಾಗ ಕುದಿಯುವ ಮೊದಲು ಬರುವ ಸದ್ದು, ಅದನ್ನು ಅವ್ವ ಅಂಗಳದಲ್ಲಿ ರೊಟ್ಟಿ ಬಡಿಯುತ್ತಲೇ ಕಿಟಕಿಯಿಂದ ಕೇಳಿಸಿಕೊಂಡು "ಸಾಕು, ನಿಂದ್ರಸು" ಎಂದು ಕೂಗುತ್ತಿದ್ದಳು. ಅವಳ ಒಂದು ಸೀರೆಯೂ ತೂತಿಲ್ಲದೆ ಇರಲಿಲ್ಲ. ಆಸಿಡ್ಡಿನ ಒಂದು ಹನಿ ಇವತ್ತು ಬಿದ್ದರೆ ನಾಳೆ ಒಗೆಯುವಾಗ ಬಟ್ಟೆ ಕೈಗೆ ಬರುತ್ತದೆ. ಕೇರಿಯ ಹೆಂಗಸರು "ಏನ ಸಾಬವ್ವಾ, ಇಲಿಗೋಳಿಗಿ ನಿನ್ನ ಸೀರಿನೇ ಬೇಕೇನು?" ಎಂದು ಚುಡಾಯಿಸುತ್ತಿದ್ದರು. ಅವ್ವ ಸೆರಗಿನ ತೂತಿನೊಳಗೆ ಬೆರಳು ತೂರಿಸಿ ಆಡಿಸಿ ತೋರಿಸುತ್ತಿದ್ದಳು. ನನಗೆ ಆ ತೂತುಗಳೆಂದರೆ ಎಲ್ಲಿಲ್ಲದ ಹೆಮ್ಮೆ. ಊರ ಹೆಣ್ಣುಮಕ್ಕಳಲ್ಲಿ ಯಾರ ತಾಯಿಯ ಸೀರೆಗೂ ಅಂಥ ತೂತು ಇರಲಿಲ್ಲ.

ಇನ್ನು ನೀರಿನ ಮಾತು. ಬ್ಯಾಟರಿಗೆ ಆಸಿಡ್ಡು ಹಾಕುವುದು ಹುಟ್ಟಿದಾಗ ಒಮ್ಮೆ. ಆಮೇಲೆ ಆರಿಹೋಗುವುದು ನೀರು ಮಾತ್ರ, ಆರಿದಷ್ಟು ನೀರನ್ನು ಮಾತ್ರ ತುಂಬಬೇಕು. ಅದು ಎಂಥ ನೀರೆಂದರೆ ಅದರಲ್ಲಿ ಉಪ್ಪು ಸುಣ್ಣ ಒಂದೂ ಇರಬಾರದು. ನಮ್ಮ ಸೀಮೆಯ ಬಾವಿ ನೀರು ಕಾಸಿದರೆ ಗಡಿಗೆಯ ಒಳಗೆ ಬಿಳಿ ಪದರ ಕಟ್ಟುತ್ತದೆ. ಅವ್ವ ಅದಕ್ಕೆ ಮಳೆಯನ್ನು ಹಿಡಿದಳು. ಮೊದಲ ಮಳೆ ಬಿಟ್ಟುಬಿಡುವುದು, ಅದರಲ್ಲಿ ಆಕಾಶದ ಧೂಳೆಲ್ಲ ಇರುತ್ತದೆ. ಎರಡನೆಯದು ಬಿತ್ತೆಂದರೆ ಅಂಗಳದ ನಾಲ್ಕು ಗೂಟಕ್ಕೆ ಅಪ್ಪನ ಒಗೆದ ಧೋತರ ಕಟ್ಟಿ, ನಡುವೆ ತೊಳೆದ ಒಂದು ಕಲ್ಲಿಟ್ಟು, ಕೆಳಗೆ ಚೀನಿಮಣ್ಣಿನ ಭರಣಿ ಇಡುವಳು. ತಗಡಿನ ಪಾತ್ರೆ ಸೋಕಿಸುವಂತಿಲ್ಲ, ಮಾಳಿಗೆಯಿಂದ ಇಳಿದ ನೀರು ಬೇಡ. ಆ ಭರಣಿಗಳನ್ನು ಬಾಯಿಗೆ ಬಟ್ಟೆ ಕಟ್ಟಿ ವರ್ಷವಿಡೀ ಕಾಯುವಳು. ಬೇಸಿಗೆಯಲ್ಲಿ ಗಂಟಲು ಒಣಗಿ ಅತ್ತರೂ ನನಗೆ ಅದರಿಂದ ಒಂದು ಗುಟುಕು ಕೊಟ್ಟವಳಲ್ಲ. ಊರ ಬಾವಿಗೆ ನಮ್ಮ ಕೊಡ ಇಳಿಯುವಂತಿರಲಿಲ್ಲ. ಊರವರು ಯಾರಾದರೂ ಬಂದು, ಮೇಲಿಂದ ಸುರಿಯುವವರೆಗೆ ಬಾವಿಯಿಂದ ದೂರದಲ್ಲಿ ಕೊಡ ಇಟ್ಟುಕೊಂಡು ಕೂರಬೇಕು. ಮಳೆಯ ನೀರೊಂದೇ ಯಾರ ಕೈಯನ್ನೂ ಕಾಯದೆ ನೇರ ನಮ್ಮ ಅಂಗಳಕ್ಕೆ ಬಂದದ್ದು. ಆ ಊರಿನ ಎಲ್ಲಕ್ಕಿಂತ ಶುದ್ಧವಾದ ನೀರು ನಮ್ಮ ಮನೆಯ ಭರಣಿಯಲ್ಲಿತ್ತು. ಇದನ್ನು ಬರೆಯುವಾಗ ಈ ವಯಸ್ಸಿನಲ್ಲೂ ನನ್ನ ಎದೆ ಉಬ್ಬುತ್ತದೆ, ಉಬ್ಬಲಿ ಬಿಡಿ.

ಸರ್ಕಾರದವರು ಊರಿಗೊಂದು ರೇಡಿಯೋ ಕೊಟ್ಟರು. ಅದನ್ನು ಹನುಮಪ್ಪನ ಗುಡಿಗೆ ಅಂಟಿಕೊಂಡ ಚಾವಡಿಯಲ್ಲಿ ಇಟ್ಟರು. ಸಾಲಿಯ ಮಾಸ್ತರು ಕಿವಿ ಹಿಂಡಿದರೆ ಧಾರವಾಡದ ಕನ್ನಡ ಮಾತಾಡುತ್ತಿತ್ತು. ಅದರ ಬ್ಯಾಟರಿಯ ಜವಾಬ್ದಾರಿ ಅಪ್ಪನಿಗೆ ಬಂತು, ಬೇರೆ ಯಾರಿಗೆ ಬರಬೇಕು, ಆ ವಿದ್ಯೆ ಬಲ್ಲವನು ಅವನೊಬ್ಬನೇ. ಆದರೆ ಚಾವಡಿಯ ಮೆಟ್ಟಿಲು ನಮಗಲ್ಲ. ತಳವಾರ ಹಣಮಂತ ಬ್ಯಾಟರಿಯನ್ನು ಇಳಿಸಿ ತಂದು ನಮ್ಮ ಹೊಸಿಲಿಗಿಡಬೇಕು, ತುಂಬಿದ ಮೇಲೆ ಒಯ್ಯಬೇಕು. ರೇಡಿಯೋ ಹಾಡುವಾಗ ಊರವರು ಮೇಲೆ ಕಂಬಳಿ ಹಾಸಿಕೊಂಡು ಕೇಳುವರು, ನಾವು ಕೆಳಗೆ ಬೇವಿನ ಮರದಡಿ ನಿಂತು ಕೇಳುವೆವು. ಹೀಗೇ ನಡೆದಿತ್ತು. ಒಂದು ದಿನ ಒಯ್ಯುವಾಗ ಹಣಮಂತ ಬ್ಯಾಟರಿಯನ್ನು ಓರೆ ಮಾಡಿದ, ಒಂದಿಷ್ಟು ರಸ ಚಾವಡಿಯ ಹಾಸುಗಲ್ಲಿನ ಮೇಲೆ ಚೆಲ್ಲಿತು. ನಮ್ಮ ಕಡೆಯ ಪರ್ಸಿಕಲ್ಲು ಸುಣ್ಣದ ಜಾತಿಯದು, ಅದರ ಮೇಲೆ ಆಸಿಡ್ಡು ಬಿದ್ದರೆ ಬುಸುಬುಸು ನೊರೆ ಬಂದು ಕಲ್ಲು ಸವೆಯುತ್ತದೆ. ನಮ್ಮ ಮನೆಯಲ್ಲಿ ಬ್ಯಾಟರಿಗಳನ್ನು ಮರದ ಹಲಗೆಯ ಮೇಲೆ ಇಡುತ್ತಿದ್ದುದೇ ಅದಕ್ಕೆ. ಹನುಮಪ್ಪನ ಎದುರಿನ ಕಲ್ಲು ನೊರೆಗಟ್ಟಿದ್ದನ್ನು ಪೂಜಾರಿ ನೋಡಿದ. ಸಂಜೆಯೊಳಗೆ ಊರ ತುಂಬ ಒಂದೇ ಮಾತು: ಕೇರಿಯ ನೀರು ದೇವರ ಕಲ್ಲು ತಿಂತು. ಮರುದಿನ ಗೌಡರು ಅಪ್ಪನನ್ನು ಚಾವಡಿಯ ಕೆಳಗೆ ನಿಲ್ಲಿಸಿಕೊಂಡು ಹೇಳಿದರು:

"ಮರೆಪ್ಪಾ, ಕರೆಂಟ ನಿಮ್ಮನ್ಯಾಗಿಂದ ಬರ್ಲಿ, ಅಡ್ಡಿ ಇಲ್ಲ. ನೀರ ಮಾತ್ರ ನಮ್ಮದು. ಪೂಜಾರಿ ಹನುಮಪ್ಪನ ಬಾವಿ ನೀರ ಹಾಕ್ತಾನ."

"ಕಲ್ಲ ತಿಂದದ್ದು ನೀರಲ್ರಿ ಗೌಡ್ರ, ಆಸಿಡ್ರಿ. ಬಾವಿ ನೀರ ಹಾಕಿದ್ರ ಒಳಗಿನ ತಗಡ ಕೆಟ್ಟು ಹೋಗ್ತಾವ್ರಿ."

"ಹನುಮಪ್ಪನ ಬಾವಿ ನೀರ ಕುಡದು ಈ ಊರಾಗ ಒಬ್ಬರರ ಸತ್ತಾರೇನೋ?"

ಅಪ್ಪ ಹೂಂ ಎಂದ. ತಲೆ ತಗ್ಗಿಸಿ ಬಂದ. ಕರೆಂಟಿಗೆ ಮೈಲಿಗೆ ಇಲ್ಲ, ನೀರಿಗೆ ಇದೆ! ಅದು ಯಾವ ಶಾಸ್ತ್ರದಲ್ಲಿ ಬರೆದಿತ್ತೋ ಆ ಹನುಮಪ್ಪನಿಗೇ ಗೊತ್ತು. ಆ ಸಂಜೆ ಅವ್ವ ಅಪ್ಪನನ್ನು ಉಣ್ಣಲೂ ಬಿಡದೆ ತರಾಟೆಗೆ ತೆಗೆದುಕೊಂಡಳು.

"ಹೂಂ ಅಂತ ಯಾಕ ಬಂದಿ?"

"ಗೌಡ್ರ ಎದುರಿಗಿ ಏನ ಅನ್ಲಿ ಸಾಬಿ? ನಾಳಿ ಕೇರ್ಯಾಗ ಯಾರಿಗೂ ಹೊಲದ ಕೆಲಸ ಕೊಡಲಿಲ್ಲಂದ್ರ?"

"ನಾಳಿ ಬ್ಯಾಟರಿ ಸತ್ರ ಯಾರ ಹೆಸರ ಹೇಳ್ತಾರ? ಗೌಡಂದ ಹೇಳ್ತಾರೇನು, ಪೂಜಾರಿದು ಹೇಳ್ತಾರೇನು? ನಿಂದ ಹೇಳ್ತಾರ!"

ಅವಳು ಹೇಳಿದಂತೆಯೇ ಆಯಿತು. ಪೂಜಾರಿ ಭಕ್ತಿಯಿಂದ ಮಡಿಯಲ್ಲಿ ನೀರು ಸೇದಿ ತಂದು, ಬ್ಯಾಟರಿಯ ಬಾಯಿ ತುಂಬಿ ಹೊರಚೆಲ್ಲುವಂತೆ ಹಾಕುತ್ತಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ಅದು ಹಾಸಿಗೆ ಹಿಡಿಯಿತು. ಮೊದಲು ವಾರವಿಡೀ ಹಾಡುತ್ತಿದ್ದ ರೇಡಿಯೋ ಈಗ ಒಂದು ಸಂಜೆಗೇ ಗೊಗ್ಗರು ದನಿಯಾಗಿ ಬಾಯಿ ಮುಚ್ಚುತ್ತಿತ್ತು. ಅಪ್ಪ ಪಿಚಕಾರಿ ಎಳೆದರೆ ಒಳಗೆ ಕಲಕು ನೀರು, ಬುರುಡೆ ತಳದಿಂದ ಏಳದು. ಊರಲ್ಲಿ ಮಾತು ಶುರುವಾಯಿತು: ಕೇರಿಯವನ ಕೈಗೆ ಸರ್ಕಾರದ ಸಾಮಾನು ಕೊಟ್ಟರೆ ಇನ್ನೇನಾಗುತ್ತದೆ, ಮರೆಪ್ಪ ಕೆಡಿಸಿದ. ಗೌಡರು ಶಹಾಪುರದ ಕಚೇರಿಗೆ ತಿಳಿಸಿ ಕೆಲಸ ಬೇರೆಯವರಿಗೆ ಕೊಡಿಸುತ್ತೇನೆ ಎಂದರು. ಆ ಮಾತು ಶಹಾಪುರ ಮುಟ್ಟಿದರೆ ಇನ್ನೊಂದು ಊರಿನ ಬ್ಯಾಟರಿಯೂ ನಮ್ಮ ಹೊಸಿಲಿಗೆ ಬರುತ್ತಿರಲಿಲ್ಲ. ಅಪ್ಪನ ಹೆಸರು ಬಿಟ್ಟರೆ ನಮಗೆ ಹೊಲವಿಲ್ಲ, ಮನೆತನವಿಲ್ಲ. ಅಪ್ಪ ಕಿಟಕಿಯ ಕೋಣೆಗೆ ಹೋಗಿ ಬೇರೆ ಬ್ಯಾಟರಿಗಳ ತಂತಿ ಕಟ್ಟುವ ಮೊಳೆಗೆ ಗ್ರೀಸು ಹಚ್ಚುತ್ತ, ಹಚ್ಚಿದ್ದನ್ನೇ ಮತ್ತೆ ಒರೆಸುತ್ತ ಕೂರುತ್ತಿದ್ದ.

ದೀಪಾವಳಿ ಹತ್ತಿರ ಬಂತು. ಆ ಸಲ ದೀಪಾವಳಿಗಿಂತ ದೊಡ್ಡ ಮಾತು ಇನ್ನೊಂದಿತ್ತು. ನಾವು ಹೈದರಾಬಾದು ಬಿಟ್ಟು, ಕನ್ನಡದವರೆಲ್ಲ ಒಂದೇ ರಾಜ್ಯವಾಗುವ ದಿನ ಎದುರಿಗೇ ಇತ್ತು. ಆ ಸಂಜೆ ರೇಡಿಯೋದಲ್ಲಿ ಎಲ್ಲ ಹೇಳುತ್ತಾರೆ, ಊರಿಗೆ ಊರೇ ಕೂತು ಕೇಳಬೇಕು ಎಂದು ಮಾಸ್ತರು ಮನೆಮನೆಗೆ ಹೇಳಿ ಬಂದಿದ್ದರು. ಅದಕ್ಕೆ ಎರಡು ದಿನ ಮೊದಲು ಬೆಳಿಗ್ಗೆ ಹಣಮಂತ ಸತ್ತಂತಿದ್ದ ಬ್ಯಾಟರಿಯನ್ನು ತಂದು ಹೊಸಿಲಿಗಿಟ್ಟ. ಅಪ್ಪ ಇಂಜಿನ್ ಕಡೆ ಹೊರಟ. ಅವ್ವ ಅಡ್ಡ ನಿಂತಳು.

"ಹಣಮಂತಣ್ಣ, ಹೋಗಿ ಗೌಡ್ರಿಗಿ ಹೇಳು. ಕರೆಂಟೂ ನಮ್ಮದು, ನೀರೂ ನಮ್ಮದು. ಹಾಕೋದು ನನ್ನ ಕೈಲೆ, ಚಾವಡಿ ಮ್ಯಾಲ, ಎಲ್ಲಾರ ಎದುರಿಗಿ. ಇಲ್ಲಂದ್ರ ಇಂಜಿನ್ ಹಚ್ಚಂಗಿಲ್ಲ."

"ಯಕ್ಕಾ, ಇದನ್ನ ಗೌಡ್ರ ಮುಂದ ನಾ ಹೆಂಗ ಹೇಳ್ಲಿ?"

"ಬಾಯಿ ಅದ ಇಲ್ಲ ನಿನಗ? ಬಾಯಿಲೆ ಹೇಳು."

ಹಣಮಂತ ಹೋದ. ಬ್ಯಾಟರಿ ಹೊಸಿಲ ಮೇಲೆ ಉಳಿಯಿತು. ಮಧ್ಯಾಹ್ನ ರೊಟ್ಟಿಯಾಯಿತು, ಶೇಂಗಾ ಹಿಂಡಿ, ಪುಂಡಿಪಲ್ಯ ಆಯಿತು. ಅಪ್ಪ ತಾಟಿನ ಮುಂದೆ ಕೂತವನು ಹೊಸಿಲ ಕಡೆ ನೋಡಿ ಎದ್ದುಬಿಟ್ಟ. ಅವ್ವನೂ ಕೂರಲಿಲ್ಲ. ಹಸಿದ ಬ್ಯಾಟರಿಯನ್ನು ಬಾಗಿಲಲ್ಲಿ ಇಟ್ಟುಕೊಂಡು ಆ ಮನೆಯಲ್ಲಿ ಉಣ್ಣುವುದು ಹೇಗೆ? ನಮ್ಮ ಕಟ್ಟಳೆಯೇ ನಮ್ಮ ಕುತ್ತಿಗೆಗೆ ಬಂದಿತ್ತು. ಜನ್ಮವಿಡೀ ಆ ಡಬ್ಬಿಗಳನ್ನು ಬೈದ ಆಯಿಯಾದರೂ ಉಣ್ಣುತ್ತಾಳೆ ಎಂದುಕೊಂಡೆ. ಅವಳು ತಾಟು ಸರಿಸಿ, "ಅದು ಉಪಾಸ ಕುಂತಾಗ ನನ್ನ ಬಾಯಾಗ ತುತ್ತ ತಿರುಗಂಗಿಲ್ಲ, ರೂಢಿ ಆಗ್ಯದ, ಏನ ಮಾಡ್ಲಿ" ಎಂದಳು. ನಾನು ಹಟಮಾರಿ, ನಾನೂ ಉಣ್ಣಲಿಲ್ಲ. ಆಯಿ ನನ್ನ ಮುಷ್ಟಿಯಲ್ಲಿ ಹುರಿದ ಶೇಂಗಾ ತುರುಕಿ "ತಿನ್ನು, ಇದು ಊಟಲ್ಲ" ಎಂದಳು. ಸಂಜೆಯಾಗುತ್ತ ಅಪ್ಪನಿಗೆ ತಡೆಯಲಾಗಲಿಲ್ಲ.

"ನಿನ್ನ ಹಟಕ್ಕ ಅದು ಸಾಯಾಕತ್ತದ ಸಾಬಿ. ಇವತ್ತ ಹಿಂಗೇ ಬಿಟ್ರ ಹರಳ ಗಟ್ಟಿ ಆಗ್ತದ. ನನ್ನ ಕೈಯಾರೆ ಸತ್ತಂಗ ಆಗ್ತದ."

"ಅದು ಸಾಯಾಕತ್ತದ್ದು ನನ್ನ ಹಟಕ್ಕಲ್ಲ, ಅವರ ನೀರಿಗಿ. ಇವತ್ತ ನಾವ ಬಾಯಿ ಮುಚಗೊಂಡು ತುಂಬಿ ಕೊಟ್ರ, ಮುಂದಿನ ತಿಂಗಳ ಸಾಯ್ತದ, ನಿನ್ನ ತಲಿಮ್ಯಾಲೆ ಕಟ್ತಾರ. ಆಮ್ಯಾಲ ಏನ ಮಾಡ್ತಿ?"

ಅಪ್ಪ ಎದ್ದು ಅಂಗಳಕ್ಕೆ ಹೋದ. ಸ್ವಲ್ಪ ಹೊತ್ತಿಗೆ ನೋಡಿದರೆ ಅವ್ವ ಹೊಸಿಲ ಬಳಿ ಕೂತು, ಬ್ಯಾಟರಿಯ ಮೇಲೆ ಕೈಯಿಟ್ಟು, "ನಿನ್ನ ಮ್ಯಾಲ ಸಿಟ್ಟಿಲ್ಲೋ ನನಗ, ಜರಾ ತಡಕೋ" ಎನ್ನುತ್ತಿದ್ದಳು. ಕಣ್ಣಲ್ಲಿ ಧಾರೆ. ನಮ್ಮವ್ವ ಅತ್ತದ್ದನ್ನು ನಾನು ಜನ್ಮದಲ್ಲಿ ನೋಡಿದ್ದು ಅವತ್ತೊಂದೇ ದಿನ. ಅಪ್ಪ ಬಂದು ಅವಳ ಪಕ್ಕ ಕೂತ, ಇಂಜಿನ್ ಹತ್ತಿರ ಹೋಗಲಿಲ್ಲ.

ಮರೆಪ್ಪನ ಮನೆ ಉಪವಾಸ ಕೂತಿದೆ ಎಂಬ ಸುದ್ದಿ ಬೆಳಗಾಗುವುದರೊಳಗೆ ಕೇರಿ ದಾಟಿ ಊರು ಮುಟ್ಟಿತು. ಹಬ್ಬದ ಹೊತ್ತಿನಲ್ಲಿ ಒಂದು ಮನೆ ಉಪವಾಸ ಕೂತರೆ ಊರಿಗೆ ಒಳ್ಳೆಯದಲ್ಲ ಎಂದು ಮುದುಕಿಯರು ಅಂದರಂತೆ. ರೇಡಿಯೋ ಕೇಳಬೇಕೆಂದು ಕುಣಿಯುತ್ತಿದ್ದ ಹುಡುಗರು ಗೌಡರ ಬಾಗಿಲಿಗೆ ಹೋಗಿ ನಿಂತರಂತೆ. ಮಾಸ್ತರು ಏನು ಹೇಳಿದರೋ ತಿಳಿಯದು, ಬಿಸಿಲೇರುವ ಮುಂಚೆ ಗೌಡರನ್ನು ಕರೆದುಕೊಂಡು ನಮ್ಮ ಕೇರಿಗೇ ಬಂದರು. ಗೌಡರು ನಮ್ಮ ಅಂಗಳದ ಹೊರಗೆ ನಿಂತರು. ಅಪ್ಪ ಕೈಮುಗಿದು ನಿಂತ. ಅವ್ವ ಸೆರಗು ಹೊದ್ದು ತಟ್ಟಿಯ ಪಕ್ಕ ನಿಂತಳು.

"ಏನ ಸಾಬವ್ವಾ, ಏನ ಹಟ ಇದು?"

"ಹಟ ಅಲ್ರಿ ಯಪ್ಪಾ. ಬದುಕಿದ್ರ ಹನುಮಪ್ಪನ ನೀರ ಬದುಕಿಸ್ತು ಅಂತೀರಿ, ಸತ್ರ ನನ್ನ ಗಂಡ ಕೊಂದ ಅಂತೀರಿ. ಇದು ಯಾವ ನ್ಯಾಯ್ರಿ?"

ಗೌಡರು ಮಾಸ್ತರ ಮುಖ ನೋಡಿದರು. ಮಾಸ್ತರು ನಮ್ಮ ಆಡಿನ ಮರಿ ನೋಡಿದರು.

"ಆತು, ಮರೆಪ್ಪ ಒಬ್ಬ ಮ್ಯಾಲ ಬರ್ಲಿ."

"ಅವರ ಕೈ ನಡಗ್ತದ್ರಿ, ಚೆಲ್ಲಿದ್ರ ಮತ್ತ ಕಲ್ಲ ತಿಂತದ. ನೀರ ಹಾಕೋದು ನಾನರಿ."

"ಗೌಡ್ರ," ಎಂದರು ಮಾಸ್ತರು, "ಈಗ ಹಚ್ಚಿದ್ರ ನಾಳಿ ಸಂಜಿಗಿ ಆಗ್ತದಂತ. ಹಿಂಗೇ ಮಾತಾಡ್ಕೋತ ನಿಂತ್ರ ನಾಳಿ ಎಲ್ಲಾರೂ ಖಾಲಿ ಪೆಟ್ಟಿಗಿ ಮುಂದ ಕೂಡಬೇಕಾಗ್ತದ ನೋಡ್ರಿ."

ಗೌಡರು ಟವೆಲ್ಲು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡು, "ಹಚ್ಚು ಮರೆಪ್ಪಾ" ಎಂದಷ್ಟೇ ಹೇಳಿ ತಿರುಗಿದರು. ಅಪ್ಪ ಓಡಲು ಸಿದ್ಧನಾಗಿದ್ದ. ಅವ್ವ ಬಿಡಲಿಲ್ಲ.

"ನಾ ಬರ್ಲೋ ಬ್ಯಾಡೋ, ಬಾಯಿ ಬಿಟ್ಟು ಹೇಳ್ರಿ ಯಪ್ಪಾ. ಕೇರಿ ಮಂದಿ ಕೇಳ್ಲಿ."

"ಬಾ ಅಂತೀನಲ್ಲವ್ವ, ಬಾ! ಎಂಥಾ ಹೆಣಮಗಳ ಇದ್ದಿ ನೀ!"

ಕೇರಿಯ ಹೆಂಗಸರೆಲ್ಲ ಕೇಳಿಸಿಕೊಂಡರು. ಇಂಜಿನ್ ಹಚ್ಚುವ ಮೊದಲು ಅಪ್ಪ ಒಳಗಿನ ಕಲಕು ನೀರನ್ನೆಲ್ಲ ಆಸಿಡ್ಡಿನ ಉರಿ ಸಾಯಲೆಂದು ಸೋಡಾ ಹಾಕಿದ ಗುಂಡಿಗೆ ಚೆಲ್ಲಿದ, ಅವ್ವ ತನ್ನ ಭರಣಿಯ ನೀರಿನಿಂದ ಒಳಗನ್ನು ಮತ್ತೆ ಮತ್ತೆ ತೊಳೆದಳು, ಹೊಸ ಆಸಿಡ್ಡು ತುಂಬಿದರು. ಆಮೇಲೆ ಸಣ್ಣ ಕರೆಂಟು, ಬಾಣಂತಿಗೆ ಗಂಜಿ ಕುಡಿಸಿದ ಹಾಗೆ. ಟುಕುಟುಕು ಸದ್ದು ಹದಕ್ಕೆ ಬಂದಾಗ ಆಯಿ ಎಲ್ಲರಿಗೂ ತಾಟು ಹಾಕಿದಳು. ಹಿಂದಿನ ದಿನದ, ಒಣಗಿ ಕಟಕ್ ಆದ ರೊಟ್ಟಿ ಅಷ್ಟು ರುಚಿಯಾಗಿದ್ದದ್ದು ನನಗೆ ಇನ್ನೊಮ್ಮೆ ನೆನಪಿಲ್ಲ. ಇಂಜಿನ್ನು ಬಿಸಿಯಾದಾಗ ನಿಲ್ಲಿಸಿ, ತಣಿಸಿ, ಮತ್ತೆ ಹಚ್ಚಿ ಮರುದಿನದವರೆಗೆ ಓಡಿಸಿದರು. ಬುರುಡೆ ಏಳುತ್ತದೋ ಇಲ್ಲವೋ ಎಂದು ಅಪ್ಪನ ಮುಖ ಇಷ್ಟೇ ಇಷ್ಟಾಗಿತ್ತು. ಮಧ್ಯಾಹ್ನದ ಮೇಲೆ ಕಿಟಕಿಯಿಂದ ಸುಂಯ್ ಎಂದಿತು. ಅವ್ವ ಪಿಚಕಾರಿ ಎಳೆದು ಬೆಳಕಿಗೆ ಹಿಡಿದಳು. ಬುರುಡೆ ಎದ್ದಿತ್ತು. ಮೊದಲಿನಷ್ಟು ಮೇಲಲ್ಲ, ಆದರೆ ಎದ್ದಿತ್ತು. ಅಪ್ಪ ಮುಖ ಆಚೆ ತಿರುಗಿಸಿ ಮೂಗು ಒರೆಸಿಕೊಂಡ.

ಸಂಜೆ ಹೊರಟೆವು. ಅಪ್ಪ, ಹಣಮಂತ ಬ್ಯಾಟರಿಯ ಎರಡು ಕಡೆಯ ಹಿಡಿಕೆ ಹಿಡಿದಿದ್ದರು. ಹಿಂದೆ ಅವ್ವ, ಸೊಂಟದ ಮೇಲೆ ಭರಣಿ, ಮೈಮೇಲೆ ಮದುವೆಯ ಸೀರೆ. ಅವಳ ಹಿಂದೆ ಆಯಿ, ನಾನು, ಇಡೀ ಕೇರಿ. ಚಾವಡಿ ತುಂಬಿತ್ತು. ಮೆಟ್ಟಿಲ ಬುಡದಲ್ಲಿ ಅಪ್ಪನ ಕಾಲು ನಿಂತುಬಿಟ್ಟಿತು. ಎಷ್ಟೋ ತಲೆಮಾರು ಅಲ್ಲೇ ನಿಂತ ಕಾಲು, ತಾನಾಗಿ ಹೇಗೆ ಏಳಬೇಕು? ಅವ್ವ ಹಿಂದಿನಿಂದ "ಭಾರ ಅದ, ಜಲ್ದಿ ನಡಿ" ಎಂದಳು. ಅಪ್ಪ ಹತ್ತಿದ. ಅವ್ವ ಹತ್ತಿದಳು. ಮೇಲೆ ಕೂತವರು ಕಂಬಳಿ ಸರಿಸಿಕೊಂಡು ದಾರಿ ಬಿಟ್ಟರು, ಕೆಲವರು ಗೌರವಕ್ಕೆ, ಹೆಚ್ಚಿನವರು ಮೈಲಿಗೆಗೆ. ಅವ್ವ ಅದನ್ನೆಲ್ಲ ನೋಡಲಿಲ್ಲ. ಮೊಣಕಾಲೂರಿ ಕೂತು, ಬಿರಡೆ ತಿರುಗಿಸಿ, ಭರಣಿಯ ಬಟ್ಟೆ ಬಿಚ್ಚಿ, ತಗಡು ಮುಳುಗಿ ಅರ್ಧ ಬೆರಳು ಮೇಲೆ ನಿಲ್ಲುವಷ್ಟು ನೀರು ಬಿಟ್ಟಳು. ಊರಿಗೆ ಊರೇ ಕತ್ತು ಚಾಚಿ ಒಬ್ಬ ಹೆಂಗಸು ನೀರು ಹಾಕುವುದನ್ನು ನೋಡಿತು. ಒಂದು ಹನಿ ಕಲ್ಲಿಗೆ ಬೀಳಲಿಲ್ಲ. ಅಪ್ಪ ತಂತಿ ಕಟ್ಟಿದ, ಮಾಸ್ತರು ಕಿವಿ ಹಿಂಡಿದರು. ಪೆಟ್ಟಿಗೆ ಬಿಸಿಯಾಗಲು ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಗಂಟಲು ಸರಿಮಾಡಿಕೊಂಡು ಕನ್ನಡ ಮಾತಾಡಿತು, ಬೇವಿನ ಮರದಾಚೆಗೂ ಕೇಳುವಷ್ಟು ಗಟ್ಟಿಯಾಗಿ. ಹುಡುಗರು ಟೋಪಿ ಹಾರಿಸಿದರು, ಯಾರೋ ಯಾರನ್ನೋ ತಬ್ಬಿಕೊಂಡರು. ಅಪ್ಪ ಅಲ್ಲೇ ಕಂಬಕ್ಕೆ ಒರಗಿ ನಿಂತು ರೇಡಿಯೋ ಕೇಳದೆ ಬ್ಯಾಟರಿಯನ್ನೇ ನೋಡುತ್ತಿದ್ದ.

ಅಪ್ಪ, ಅವ್ವ ಇಳಿಯುವಾಗ ಪೂಜಾರಿ ಸೆಗಣಿ ನೀರಿನ ಬಕೆಟ್ಟು ಹಿಡಿದು ಮೆಟ್ಟಿಲ ಪಕ್ಕ ಸಿದ್ಧವಾಗಿ ನಿಂತಿದ್ದ. ಕೊನೆಯ ಕಾಲು ಇಳಿಯುವುದನ್ನೇ ಕಾಯುತ್ತಿದ್ದ. ಅಪ್ಪ ತಲೆ ತಗ್ಗಿಸಿದ. ಅವ್ವ ಮಾತ್ರ ನಿಂತು, ಭರಣಿಯನ್ನು ಆ ಸೊಂಟದಿಂದ ಈ ಸೊಂಟಕ್ಕೆ ಮಾಡಿಕೊಂಡು, ಮನೆಯ ಹಿರಿಯರೊಡನೆ ಮಾತಾಡುವಷ್ಟು ಸಮಾಧಾನದಿಂದ ಹೇಳಿದಳು:

"ತೊಳಕೋರಿ ಪೂಜಾರಪ್ಪ, ಛಂದಗೆ ತೊಳಕೋರಿ. ನಾ ಬರೋ ವಾರ ಮತ್ತ ಬರ್ತೀನಿ. ಬ್ಯಾಟರಿಗಿ ವಾರವಾರ ನೀರ ನೋಡಬೇಕ್ರಿ."

ಅವತ್ತು ತೊಳೆದರು. ಮುಂದಿನ ವಾರ ಅವ್ವ ಹತ್ತಿದಳು, ಇಳಿದಳು, ತೊಳೆದರು. ಅದರ ಮುಂದಿನ ವಾರವೂ ತೊಳೆದರು. ಚಳಿ ಬಂತು, ಹೋಯಿತು. ಬಕೆಟ್ಟು ಹೋಗಿ ತಂಬಿಗೆಯಾಯಿತು, ತಂಬಿಗೆ ಹೋಗಿ ಬೆರಳಿನಿಂದ ನಾಲ್ಕು ಹನಿ ಚಿಮುಕಿಸುವುದಾಯಿತು. ಬಿಸಿಲು ಏರಿ ಬಾವಿ ಆಳಕ್ಕಿಳಿದಾಗ ಪೂಜಾರಿಗೂ ಸೇದಿ ಸೇದಿ ರಟ್ಟೆ ಸೋತಿತು. ಒಂದು ವಾರ ಆತ ಬರಲೇ ಇಲ್ಲ, ಯಾರೂ ಕೇಳಲೂ ಇಲ್ಲ. ನಮ್ಮವ್ವ ಒಂದು ವಾರವನ್ನೂ ತಪ್ಪಿಸಲಿಲ್ಲ.